ನಾಯಿಯೊಂದಿಗೆ ಕ್ಯಾಂಪಿಂಗ್: ಹತೋಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೇರೆ ಹಾಕಿ ಹೊರಗೆ ರಾತ್ರಿ ಕಳೆಯಲು ಹೊರಡುವಾಗ ನಾಯಿಯನ್ನೂ ಕರೆದೊಯ್ಯಬೇಕೆಂಬ ಆಸೆ ಸಹಜ. ಅದು ಅಲ್ಲಿ ಸುಖವಾಗಿರುತ್ತದೆಯೇ, ಸುತ್ತಲಿನವರಿಗೆ ಕಿರಿಕಿರಿಯಾಗುತ್ತದೆಯೇ, ಕ್ಷೇಮವಾಗಿ ಮನೆಗೆ ಮರಳುತ್ತದೆಯೇ ಎನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಕೆಳಗಿನ ಉತ್ತರಗಳ ಹಿಂದೆ ಒಂದೇ ನಂಬಿಕೆಯಿದೆ: ಶಿಬಿರದಲ್ಲಿ ಯಾವ ಗಳಿಗೆಯಲ್ಲಿ ಕೇಳಿದರೂ "ಈಗ ನಾಯಿಯನ್ನು ನೋಡಿಕೊಳ್ಳುತ್ತಿರುವವರು ಯಾರು?" ಎಂಬ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾಗಿ ಬರಬೇಕು. "ಎಲ್ಲರೂ ನೋಡಿಕೊಳ್ಳುತ್ತಿದ್ದೇವೆ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ಮನೆಯಲ್ಲಿ ಹೇಳಿದ ಮಾತು ಕೇಳುವ ನಾಯಿಗೆ ಶಿಬಿರದಲ್ಲೂ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಬೇಕೇ?

ಬೇಕು. ಮನೆಯ ಅಂಗಳದಲ್ಲಿ ಕೂಗಿದ ತಕ್ಷಣ ಓಡಿಬರುವ ನಾಯಿಗೆ ಅಲ್ಲಿನ ಪ್ರತಿಯೊಂದು ವಾಸನೆಯೂ ಸದ್ದೂ ಪರಿಚಿತ. ಶಿಬಿರದಲ್ಲಿ ಎಲ್ಲವೂ ಹೊಸತು: ರಾತ್ರಿ ಹಾದುಹೋದ ಮೊಲದ ಜಾಡು, ಪಕ್ಕದ ಒಲೆಯ ಮೇಲೆ ಬೇಯುತ್ತಿರುವ ಮಾಂಸ, ಪೊದೆಯಲ್ಲಿ ಸರಿದಾಡುವ ಏನೋ ಒಂದು. ನಾಯಿ ಪಾಠ ಕಲಿಯುವಾಗ ಅದನ್ನು ಕಲಿತ ಜಾಗದೊಂದಿಗೇ ಬೆಸೆದುಕೊಳ್ಳುತ್ತದೆ. ಒಂದೆಡೆ ಕಲಿತದ್ದನ್ನು ಮತ್ತೊಂದೆಡೆ ಮತ್ತೆ ಅಭ್ಯಾಸ ಮಾಡಿಸಬೇಕು. ಹೊಸ ಜಾಗದಲ್ಲಿ ಮಾತು ಕೇಳದಿದ್ದರೆ ಅದು ಹಟವಲ್ಲ, ಸೊಕ್ಕೂ ಅಲ್ಲ. ಅಲ್ಲಿನ ಪಾಠ ಅದಕ್ಕಿನ್ನೂ ಆಗಿಲ್ಲ, ಅಷ್ಟೇ.

"ನಮ್ಮ ನಾಯಿ ತುಂಬಾ ಸಾಧು, ಯಾರಿಗೂ ಏನೂ ಮಾಡುವುದಿಲ್ಲ" ಎಂಬ ಮಾತನ್ನು ಶಿಬಿರಗಳಲ್ಲಿ ಬಹಳ ಕೇಳುತ್ತೇವೆ. ಹೇಳುವವರ ಪಾಲಿಗೆ ಅದು ನಿಜವೇ. ಆದರೆ ಎದುರಿನವರು ಚಿಕ್ಕಂದಿನಲ್ಲಿ ನಾಯಿಯಿಂದ ಕಚ್ಚಿಸಿಕೊಂಡವರಿರಬಹುದು. ಪಕ್ಕದ ಡೇರೆಯ ಮುದಿ ನಾಯಿಗೆ ಸೊಂಟನೋವಿರಬಹುದು. ಮೂವತ್ತು ಕಿಲೋ ತೂಕದ ಪ್ರಾಣಿಯೊಂದು ಪ್ರೀತಿಯಿಂದಲೇ ಹಾರಿ ಬಂದರೂ ಮಗು ಕೆಳಗೆ ಬೀಳುತ್ತದೆ. ನಾಯಿಯ ಸ್ವಭಾವ ಎಷ್ಟೇ ಒಳ್ಳೆಯದಿರಲಿ, ಬೇಡ ಎನ್ನುವ ಹಕ್ಕು ಎದುರಿನವರಿಗೆ ಇದ್ದೇ ಇದೆ.

ಲೀಶ್ ಎಷ್ಟು ಉದ್ದವಿರಬೇಕು?

ಮೊದಲು ಆ ಜಾಗದ ನಿಯಮ ನೋಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಲೀಶ್ 6 ಅಡಿಗಿಂತ ಉದ್ದವಿರುವಂತಿಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿರುವ ಬಯಲು, ಗುಡ್ಡಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು 2 ಮೀಟರ್ ಮೀರದ ಲೀಶಿನಲ್ಲೇ ಹಿಡಿದಿರಬೇಕು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡುವ ಕಾಲವದು. ಲಿಖಿತ ನಿಯಮ ಇಲ್ಲದ ಕಡೆಯೂ ಈ ಅಳತೆ ಸರಿಯಾಗಿಯೇ ಇದೆ. ಎರಡು ಮೀಟರ್ ಒಳಗಿದ್ದರೆ ನಾಯಿಗೆ ಮೂಸಿ ನೋಡುವಷ್ಟು ಸ್ವಾತಂತ್ರ್ಯವಿರುತ್ತದೆ, ನಿಮಗೆ ಒಂದು ಹೆಜ್ಜೆ ಮುಂದಿಟ್ಟು ಅದನ್ನು ಹಿಡಿಯುವ ಅವಕಾಶವಿರುತ್ತದೆ.

ಗುಂಡಿ ಒತ್ತಿದರೆ ಸುರುಳಿ ಬಿಚ್ಚಿಕೊಳ್ಳುವ ಲೀಶನ್ನು ಶಿಬಿರಕ್ಕೆ ತರಬೇಡಿ ಎಂದೇ ನಾನು ಹೇಳುತ್ತೇನೆ. ಅದರ ತೆಳು ದಾರ ಗೂಟಗಳಿಗೆ, ಕುರ್ಚಿಯ ಕಾಲುಗಳಿಗೆ ಸುತ್ತಿಕೊಳ್ಳುತ್ತದೆ. ರಭಸದಿಂದ ಎಳೆದಾಗ ಬರಿಗೈಯಲ್ಲಿ ಹಿಡಿದರೆ ಚರ್ಮ ಸೀಳುತ್ತದೆ. ಕೈಯಿಂದ ಜಾರಿ ಹಿಡಿಕೆ ನೆಲಕ್ಕೆ ಬಿದ್ದರೆ, ಹಿಂದೆ ಸದ್ದು ಮಾಡುತ್ತಾ ಬರುವ ಆ ಹಿಡಿಕೆಗೇ ಹೆದರಿ ನಾಯಿ ಇನ್ನಷ್ಟು ಜೋರಾಗಿ ಓಡುತ್ತದೆ.

ಕುತ್ತಿಗೆಯ ಪಟ್ಟಿ ಸಾಕೇ, ಹಾರ್ನೆಸ್ ಬೇಕೇ?

ಎರಡೂ ಇರಲಿ. ಹೆಸರು ಮತ್ತು ಮೊಬೈಲ್ ಸಂಖ್ಯೆ ಕೆತ್ತಿದ ಬಿಲ್ಲೆ ಕುತ್ತಿಗೆಯ ಪಟ್ಟಿಯಲ್ಲಿರಲಿ, ಲೀಶ್ ಎದೆ ಮತ್ತು ಬೆನ್ನನ್ನು ಸುತ್ತಿರುವ ಹಾರ್ನೆಸ್‌ಗೆ ಸೇರಲಿ. ನಾಯಿ ಓಟ ಕಿತ್ತು ಹಗ್ಗದ ತುದಿ ಮುಟ್ಟಿದಾಗ ಆ ಜಗ್ಗು ಕತ್ತಿನ ಮೇಲೆ ಬೀಳಬಾರದು. ಪಟ್ಟಿಯ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗುತ್ತಾ ತಲೆ ತಗ್ಗಿಸಿ ಪಟ್ಟಿಯಿಂದ ನುಣುಚಿಕೊಳ್ಳುವುದು ಅಪರೂಪವೇನಲ್ಲ. ಗುಡುಗು, ಪಟಾಕಿಗೆ ಬೆದರುವ ನಾಯಿಗೆ ಪಟ್ಟಿ ಮತ್ತು ಹಾರ್ನೆಸ್ ಎರಡನ್ನೂ ಒಂದು ಚಿಕ್ಕ ಕೊಂಡಿಯಿಂದ ಜೋಡಿಸಿಡಿ. ಒಂದು ಕಳಚಿದರೆ ಇನ್ನೊಂದು ಹಿಡಿಯುತ್ತದೆ.

ಮೈಕ್ರೋಚಿಪ್ ಇದ್ದರೆ ಬಿಲ್ಲೆ ಬೇಡವಲ್ಲವೇ?

ಬೇಕು. ಚರ್ಮದಡಿ ಸೇರಿಸಿದ ಆ ಪುಟ್ಟ ಚಿಪ್ ನಾಯಿ ಎಲ್ಲಿದೆಯೆಂದು ತಿಳಿಸುವುದಿಲ್ಲ. ಯಂತ್ರ ಹಿಡಿದು ಓದಿದಾಗ ಒಂದು ಸಂಖ್ಯೆ ಮಾತ್ರ ಸಿಗುತ್ತದೆ, ಆ ಸಂಖ್ಯೆಯ ಜೊತೆ ನೋಂದಾಯಿಸಿದ ನಿಮ್ಮ ವಿಳಾಸ ಹಳೆಯದಾಗಿದ್ದರೆ ಅದರಿಂದಲೂ ಪ್ರಯೋಜನವಿಲ್ಲ. ದಾರಿಯಲ್ಲಿ ಸಿಕ್ಕ ಅಪರಿಚಿತರು ಕೂಡಲೇ ಓದಬಲ್ಲದ್ದು ಬಿಲ್ಲೆಯನ್ನು. ಜಿಪಿಎಸ್ ಪಟ್ಟಿ ಒಳ್ಳೆಯದೇ, ಆದರೆ ಹಲವು ಪಟ್ಟಿಗಳು ಮೊಬೈಲ್ ಜಾಲದ ಮೂಲಕವೇ ಸಂದೇಶ ಕಳಿಸುತ್ತವೆ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಅಂಥವು ಮೂಕವಾಗುತ್ತವೆ.

ಅಡುಗೆ ಮಾಡುವಾಗ, ಡೇರೆ ಹಾಕುವಾಗ ನಾಯಿಯನ್ನು ಮರಕ್ಕೆ ಕಟ್ಟಬಹುದೇ?

ನೀವು ಅಲ್ಲೇ ಇದ್ದು ಕಣ್ಣಿಟ್ಟಿದ್ದರೆ, ನಿಯಮವೂ ಒಪ್ಪಿದರೆ ಕಟ್ಟಬಹುದು. ಆದರೆ ಒಂದೇ ಮರಕ್ಕೆ ಉದ್ದನೆಯ ಹಗ್ಗದಲ್ಲಿ ಕಟ್ಟಿದರೆ ಸ್ವಲ್ಪ ಹೊತ್ತಿಗೇ ನಾಯಿ ಮರವನ್ನು ಸುತ್ತಿ ಸುತ್ತಿ ಮೂತಿ ತೊಗಟೆಗೆ ತಾಗುವಂತೆ ನಿಂತಿರುತ್ತದೆ.

ಇದಕ್ಕಿಂತ ಒಳ್ಳೆಯದು ಎರಡು ಮರಗಳ ನಡುವೆ ತಲೆಯ ಮಟ್ಟಕ್ಕಿಂತ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಹಗ್ಗ. ತೊಗಟೆಗೆ ಗಾಯವಾಗದಂತೆ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಸೇರಿಸಿ. ಹಗ್ಗದ ಮೇಲೆ ಜಾರುವ ಒಂದು ಕೊಂಡಿ, ಆ ಕೊಂಡಿಯಿಂದ ಇಳಿಬಿದ್ದ ಲೀಶ್, ಅದರ ತುದಿ ಹಾರ್ನೆಸ್‌ನ ಬೆನ್ನಿಗೆ. ಪ್ರತಿ ಮರದಿಂದ ಒಂದೂವರೆ ಎರಡು ಮೀಟರ್ ಈಚೆಗೆ ಒಂದೊಂದು ದಪ್ಪ ಗಂಟು ಹಾಕಿದರೆ ಕೊಂಡಿ ಅಲ್ಲೇ ನಿಲ್ಲುತ್ತದೆ, ನಾಯಿ ಮರವನ್ನು ಸುತ್ತಲಾರದು. ಲೀಶ್ ನಾಯಿ ಆರಾಮವಾಗಿ ಮಲಗುವಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಹೆಚ್ಚಿದ್ದರೆ ಕಾಲಿಗೆ ತೊಡರುತ್ತದೆ. ಕಟ್ಟಿದ ಮೇಲೆ ನೀವೇ ಲೀಶ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ಬೆಂಕಿ, ಒಲೆ, ಡೇರೆಯ ಹಗ್ಗಗಳು, ಜನ ನಡೆಯುವ ದಾರಿ, ನೆಲದ ಅಂಚು ಇವುಗಳಲ್ಲಿ ಯಾವುದೂ ಆ ವ್ಯಾಪ್ತಿಯಲ್ಲಿ ಬರಬಾರದು.

ನೆಲಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ಗೂಟ ಮರಳಿನಲ್ಲೂ ಒದ್ದೆ ಮಣ್ಣಿನಲ್ಲೂ ಕಿತ್ತುಬರುತ್ತದೆ. ಹಗ್ಗ ಉದ್ದವಾದಷ್ಟೂ ನಾಯಿಗೆ ಓಟದ ವೇಗ ಸಿಗುತ್ತದೆ, ಜಗ್ಗು ಜೋರಾಗುತ್ತದೆ.

ಹೇಗೇ ಕಟ್ಟಿದ್ದರೂ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲಾರದು, ಬೇರೊಂದು ನಾಯಿಯೋ ಕಾಡುಪ್ರಾಣಿಯೋ ಬಂದರೆ ಅದಕ್ಕೆ ದಿಕ್ಕೇ ಇಲ್ಲ.

ಕರೆದಾಗ ಬರುವಂತೆ ಮಾಡುವುದು ಹೇಗೆ?

ಹೊರಡುವ ಹಲವು ವಾರ ಮೊದಲೇ ಅಭ್ಯಾಸ ಶುರುವಾಗಬೇಕು. ಒಂದು ಪದ ಆರಿಸಿಕೊಳ್ಳಿ. ಆ ಪದವನ್ನು ಬೈಯಲು, ಸ್ನಾನಕ್ಕೆ ಎಳೆಯಲು, ಆಟ ನಿಲ್ಲಿಸಲು ಬಳಸಲೇಬೇಡಿ. ಅದು ಕಿವಿಗೆ ಬಿದ್ದಾಗಲೆಲ್ಲ ನಾಯಿಗೆ ಅತ್ಯಂತ ಪ್ರಿಯವಾದ ತಿನಿಸು ಸಿಗಬೇಕು, ಸಿಕ್ಕ ಮೇಲೆ ಮತ್ತೆ ಆಡಲು ಬಿಡಬೇಕು. ಕರೆ ಎಂದರೆ ಸಂತೋಷದ ಕೊನೆ ಎಂದು ನಾಯಿ ಒಮ್ಮೆ ತಿಳಿದುಕೊಂಡರೆ ಅದನ್ನು ಮರೆಸುವುದು ಕಷ್ಟ. ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಆಮೇಲೆ ಬೇರೆ ಬೇರೆ ಬಯಲುಗಳಲ್ಲಿ ಹತ್ತು ಮೀಟರ್ ಉದ್ದದ ಹಗ್ಗದಲ್ಲಿ ಅಭ್ಯಾಸ ಮಾಡಿಸಿ. ಒಮ್ಮೆ ಮಾತ್ರ ಕರೆಯಿರಿ. ಬಾರದಿದ್ದರೆ ಮತ್ತೆ ಮತ್ತೆ ಕೂಗದೆ ಹತ್ತಿರ ಹೋಗಿ ಗಮನ ಸೆಳೆಯಿರಿ. ಹತ್ತು ಸಲ ಕೂಗಿದರೆ ಮೊದಲ ಒಂಬತ್ತಕ್ಕೆ ಬೆಲೆಯಿಲ್ಲವೆಂದು ನಾವೇ ಕಲಿಸಿದಂತಾಗುತ್ತದೆ.

ಇನ್ನು ಯಾವಾಗ ಕರೆಯಬೇಕು ಎಂಬುದು. ಓಟ ಕೀಳುವ ಮುನ್ನ ಹೆಚ್ಚಿನ ನಾಯಿಗಳು ಕ್ಷಣಕಾಲ ನಿಲ್ಲುತ್ತವೆ. ತೆರೆದಿದ್ದ ಬಾಯಿ ಮುಚ್ಚುತ್ತದೆ, ಏದುಸಿರು ತಟ್ಟನೆ ನಿಲ್ಲುತ್ತದೆ. ಎರಡೂ ಕಿವಿಗಳು ಒಂದೇ ದಿಕ್ಕಿಗೆ ತಿರುಗುತ್ತವೆ, ಬಾಲ ಸೆಟೆಯುತ್ತದೆ, ಮೈಭಾರ ಮುಂಗಾಲಿಗೆ ಬರುತ್ತದೆ. ಕೆಲವು ಒಂದು ಮುಂಗಾಲನ್ನು ಮಡಚಿ ಎತ್ತಿ ಹಿಡಿಯುತ್ತವೆ. ನಿಮ್ಮ ಮಾತು ಅದರ ಕಿವಿಗೆ ಇಳಿಯುವುದು ಆ ಒಂದೆರಡು ಸೆಕೆಂಡಿನಲ್ಲಿ. ಓಡಲು ತೊಡಗಿದ ಮೇಲೆ ಎಷ್ಟು ಚೆನ್ನಾಗಿ ಕಲಿತ ನಾಯಿಯಾದರೂ ತಿರುಗಿ ಬರುವುದು ಸಂದೇಹ. ಆದ್ದರಿಂದಲೇ ನಾಯಿಯ ಹೊಣೆ ಹೊತ್ತವರು ಮೊಬೈಲ್ ನೋಡುತ್ತಾ ಕೂರಬಾರದು.

ಕಾಡುಪ್ರಾಣಿಯನ್ನು ಸ್ವಲ್ಪ ಬೆನ್ನಟ್ಟಿದರೆ ಏನಾಗುತ್ತದೆ? ಹಿಡಿಯುವುದಂತೂ ಇಲ್ಲ.

ಹಿಡಿಯದಿದ್ದರೂ ಕೇಡು ಆಗಿರುತ್ತದೆ. ಗೂಡಿನಿಂದ ಎದ್ದ ಹಕ್ಕಿಯ ಮೊಟ್ಟೆಗಳು ತಣ್ಣಗಾಗುತ್ತವೆ, ತಾಯಿಯಿಂದ ಬೇರೆಯಾದ ಜಿಂಕೆಮರಿ ಬೇರೊಂದು ಪ್ರಾಣಿಯ ಬಾಯಿಗೆ ಬೀಳುತ್ತದೆ. ಮೇವು ಕಡಿಮೆಯಿರುವ ಕಾಲದಲ್ಲಿ ಪ್ರಾಣ ಉಳಿಸಿಕೊಳ್ಳಲು ಓಡಿದ ಓಟ ದುಬಾರಿ.

ರೋಗದ ಮಾತೂ ಇದೆ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಹರಡಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದರಷ್ಟು ಸತ್ತವು. ಸುತ್ತಲಿನ ಊರುಗಳ ಸಾಕುನಾಯಿಗಳ ಕಡೆಯಿಂದ ಬಂದ ಸೋಂಕು ಅದು ಎಂದು ಸಂಶೋಧಕರು ಬೊಟ್ಟು ಮಾಡಿದ್ದಾರೆ. ಲಸಿಕೆ ಹಾಕಿಸದ ನಾಯಿಯನ್ನು ಕಾಡಿನ ಬಳಿಗೆ ಕರೆದೊಯ್ಯುವುದು ಎರಡೂ ಕಡೆಗೆ ಅನ್ಯಾಯ.

ಅಪಾಯ ತಿರುಗಿ ನಿಮ್ಮ ಮೇಲೂ ಬರಬಹುದು. ಕರಡಿಯನ್ನು ಕೆಣಕಿದ ನಾಯಿ ಹೆದರಿ ಓಡಿಬರುವುದು ತನ್ನ ಯಜಮಾನನ ಬಳಿಗೇ, ಹಿಂದೆ ಕರಡಿಯೂ ಇರುತ್ತದೆ. ಚಿರತೆ ಇರುವ ಪ್ರದೇಶದಲ್ಲಿ ನಾಯಿಯೇ ಅದರ ಬೇಟೆ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಪ್ರಾಣಿಗಳ ಓಡಾಟ ಹೆಚ್ಚು. ಆ ಹೊತ್ತಿನಲ್ಲಿ ಲೀಶ್ ಕೈಯಲ್ಲೇ ಇರಲಿ, ತೀರ ಗಿಡ್ಡವಾಗಿಯೇ ಇರಲಿ.

ಹಾವು ಕಚ್ಚಿದರೆ ನಾಯಿಯನ್ನು ನಡೆಸದೆ ಎತ್ತಿಕೊಂಡು ನೇರವಾಗಿ ಪಶುವೈದ್ಯರ ಬಳಿಗೆ ಹೋಗಿ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ವಿಷ ಹೀರುವುದು ಯಾವುದೂ ಬೇಡ.

ದನಗಳು ಮೇಯುವ ಬಯಲನ್ನು ದಾಟಬೇಕಾದರೆ?

ಸುತ್ತು ಹಾಕಿ ಹೋಗುವುದೇ ಉತ್ತಮ. ಕರು ಜೊತೆಗಿರುವ ಹಸು ನಾಯಿಯನ್ನು ಶತ್ರುವೆಂದೇ ನೋಡುತ್ತದೆ. ಗಿಡ್ಡ ಲೀಶಿನಲ್ಲಿ ಹಿಡಿದು, ಸದ್ದಿಲ್ಲದೆ, ತಾಯಿ ಕರುಗಳ ನಡುವೆ ಹೋಗದೆ ನಡೆಯಿರಿ. ಹಾಗಿದ್ದೂ ದನ ನುಗ್ಗಿ ಬಂದರೆ ಲೀಶನ್ನು ಕೈಬಿಡಿ. ಈ ಪುಟದಲ್ಲಿ ಲೀಶ್ ಬಿಡಿ ಎಂದು ನಾನು ಹೇಳುವುದು ಇದೊಂದೇ ಸಂದರ್ಭದಲ್ಲಿ. ದನ ಅಟ್ಟುವುದು ನಾಯಿಯನ್ನು, ನಾಯಿ ಅದಕ್ಕಿಂತ ವೇಗವಾಗಿ ಓಡಬಲ್ಲದು, ನೀವು ಓಡಲಾರಿರಿ.

ರಾತ್ರಿಯಿಡೀ ಬೊಗಳುತ್ತದೆ. ಏನು ಮಾಡಲಿ?

ಏಕೆ ಬೊಗಳುತ್ತಿದೆ ಎಂದು ಮೊದಲು ತಿಳಿಯಬೇಕು. ಜನ ಓಡಾಡುವುದು ಕಂಡಾಗ ಬೊಗಳಿದರೆ ಡೇರೆ ಮತ್ತು ದಾರಿಯ ನಡುವೆ ಒಂದು ಬಟ್ಟೆ ಇಳಿಬಿಡಿ. ಶೌಚಾಲಯ, ನೀರಿನ ನಲ್ಲಿಯ ಬಳಿ ಜಾಗ ಹಿಡಿಯಬೇಡಿ. ಹಗಲು ಸಾಕಷ್ಟು ನಡೆಯದೆ ಮಲಗಿಯೇ ಇದ್ದ ನಾಯಿ ರಾತ್ರಿ ಎದ್ದಿರುತ್ತದೆ. ಸಂಜೆ ಮೂಸುತ್ತಾ ಸಾಗುವ ನಿಧಾನವಾದ ನಡಿಗೆ ಚೆಂಡಾಟಕ್ಕಿಂತ ಹೆಚ್ಚು ದಣಿಸುತ್ತದೆ, ಕೆರಳಿಸುವುದೂ ಇಲ್ಲ.

ಭಯದಿಂದ ಬೊಗಳುತ್ತಿದ್ದರೆ ಗದರಿಸಬೇಡಿ. ನೀವು ಕಿರುಚಿದರೆ ಅದಕ್ಕೆ ನೀವೂ ಜೊತೆಗೆ ಬೊಗಳುತ್ತಿರುವಂತೆ ಕೇಳಿಸುತ್ತದೆ. ಹತ್ತಿರ ಕೂತು ಮೈಮೇಲೆ ಕೈಯಿಟ್ಟು ಮೆಲ್ಲಗೆ ಮಾತನಾಡಿ. ಶಾಕ್ ಕೊಡುವ ಪಟ್ಟಿ ಭಯದ ಮೇಲೆ ನೋವನ್ನೂ ಹೇರುತ್ತದೆ, ನಾಯಿ ಆ ನೋವನ್ನು ಎದುರಿಗಿರುವ ಮಗುವಿಗೋ ಇನ್ನೊಂದು ನಾಯಿಗೋ ತಳುಕು ಹಾಕಿದರೆ ಕಚ್ಚುವ ದಾರಿ ತೆರೆಯುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಆ ರಾತ್ರಿಯೇ ಗಂಟುಮೂಟೆ ಕಟ್ಟಿ ಹೊರಡುವುದು ಮರ್ಯಾದೆಯ ಮಾರ್ಗ. ಸುತ್ತಲಿನವರೂ ನಿದ್ದೆಗೆಂದೇ ಡೇರೆ ಹಾಕಿದ್ದಾರೆ.

ರಾತ್ರಿ ನಾಯಿ ಎಲ್ಲಿ ಮಲಗಬೇಕು?

ಡೇರೆಯೊಳಗೆ, ನಿಮ್ಮ ಜೊತೆ. ಹೊರಗೆ ಕಟ್ಟಿದರೆ ಚಳಿ, ಮಳೆ, ಪ್ರಾಣಿ ಎಲ್ಲಕ್ಕೂ ಅದನ್ನು ಒಡ್ಡಿದಂತೆ. ಹೊರಡುವ ಮೊದಲು ಮನೆಯಲ್ಲೇ ಡೇರೆ ಹಾಕಿ ಹಗಲು ಒಂದಿಷ್ಟು ಹೊತ್ತು ಅದರಲ್ಲಿ ಮಲಗಿಸಿದರೆ ಹೊಸತನ ಹೋಗುತ್ತದೆ. ಮನೆಯ ಹಳೆಯ ಹೊದಿಕೆಯನ್ನು ತೊಳೆಯದೆ ತನ್ನಿ. ನೆಲದ ತಂಪು ಮೈಗೇರದಂತೆ ಅಡಿಯಲ್ಲಿ ಒಂದು ಚಾಪೆಯೂ ಬೇಕು.

ಮೂತಿಯಿಂದ ತಳ್ಳಿ ಜಿಪ್ ತೆರೆಯುವ ನಾಯಿಗಳಿವೆ. ಜಿಪ್ಪಿನ ಎರಡು ಎಳೆಗಳನ್ನು ಒಂದು ಕೊಂಡಿಯಿಂದ ಸೇರಿಸಿಡಿ, ಆದರೆ ಕತ್ತಲಲ್ಲೂ ಒಂದೇ ಕೈಯಲ್ಲಿ ಬಿಚ್ಚುವಂತಿರಲಿ. ನಡುರಾತ್ರಿ ಮೂತ್ರಕ್ಕೆ ಹೊರಡಿಸುವಾಗ ಜಿಪ್ ತೆರೆಯುವ ಮೊದಲೇ ಲೀಶ್ ಹಾಕಿ. ನಿದ್ದೆಗಣ್ಣಿನಲ್ಲಿ "ಇಲ್ಲೇ ತಾನೇ" ಎಂದು ಬಿಟ್ಟ ನಾಯಿ ಕತ್ತಲಲ್ಲಿ ಮಾಯವಾದರೆ ಹುಡುಕುವುದು ತೀರಾ ಕಷ್ಟ. ಕುತ್ತಿಗೆಗೆ ಪುಟ್ಟ ದೀಪ ಕಟ್ಟಿದರೆ ಒಳ್ಳೆಯದು.

ಸ್ವಲ್ಪ ಹೊತ್ತು ಡೇರೆಯಲ್ಲೋ ಕಾರಿನಲ್ಲೋ ಬಿಟ್ಟು ಹೋಗಬಹುದೇ?

ಬೇಡ. ಹೊರಗೆ ಹಿತವೆನಿಸುವ 22 ಡಿಗ್ರಿ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯೊಳಗೆ 40 ಡಿಗ್ರಿ ದಾಟುತ್ತದೆ, ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಿಟಕಿಯನ್ನು ಚೂರು ಇಳಿಸಿಟ್ಟರೆ ಹೆಚ್ಚೇನೂ ಬದಲಾಗದು. ಬಿಸಿಲಿಗೆ ಬಿದ್ದ ಡೇರೆಯೂ ಕಾಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ಮುಖ್ಯ ಉಪಾಯ. ದಪ್ಪ ಜೊಲ್ಲು, ತೂರಾಡುವ ನಡಿಗೆ, ಕಡುಕೆಂಪು ಒಸಡು ಕಂಡರೆ ನೆರಳಿಗೆ ತಂದು ಮೈಗೆ ತಂಪು ನೀರು ಸುರಿಯುತ್ತಾ ಗಾಳಿ ಬೀಸಿ, ಕೂಡಲೇ ವೈದ್ಯರ ಬಳಿಗೆ ಹೊರಡಿ.

ಬೇರೆ ನಾಯಿ ಎದುರಾದಾಗ?

ದಾರಿ ಬಿಟ್ಟು ಅರ್ಧಚಂದ್ರಾಕಾರದಲ್ಲಿ ಸುತ್ತಿ ಹೋಗಿ. ಮುಖಾಮುಖಿ ನೇರವಾಗಿ ಹತ್ತಿರವಾಗುವುದು ನಾಯಿಗಳ ಲೋಕದಲ್ಲಿ ಸವಾಲು. ಲೀಶನ್ನು ಬಿಗಿಹಿಡಿದರೆ ನಿಮ್ಮ ಆತಂಕ ಹಗ್ಗದ ಮೂಲಕ ಅದಕ್ಕೆ ತಲುಪುತ್ತದೆ. ಬಾಲ ಅಲ್ಲಾಡಿಸುವುದೆಲ್ಲ ಸ್ನೇಹವಲ್ಲ. ಮೈ ಸಡಿಲವಾಗಿದ್ದು ಸೊಂಟದವರೆಗೂ ಬಳುಕುತ್ತಿದ್ದರೆ ಸರಿ. ಬಾಲ ಎತ್ತರಕ್ಕೆ ನಿಂತು ತುದಿ ಮಾತ್ರ ಕಂಪಿಸುತ್ತಾ ಮೈ ಬಿಗಿದಿದ್ದರೆ ದೂರ ಸರಿಯಿರಿ. ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು ಇವೆಲ್ಲ "ಸಾಕು" ಎನ್ನುವ ಮಾತುಗಳು. ಮಕ್ಕಳು ಮುಟ್ಟಲು ಬಂದಾಗಲೂ ಇವನ್ನೇ ನೋಡಿ, ನಾಯಿಯ ಪರವಾಗಿ ನೀವೇ ಬೇಡವೆನ್ನಿ.

ಬೆಂಕಿ ಮತ್ತು ಆಹಾರದ ಬಳಿ?

ಒಲೆ ಹಚ್ಚುವ ಮೊದಲು ನಾಯಿಯ ಜಾಗ ಗೊತ್ತುಮಾಡಿ, ಚಾಪೆಯ ಮೇಲೆ ಕೂರುವ ಅಭ್ಯಾಸ ಮನೆಯಲ್ಲೇ ಆಗಿರಲಿ. ಆರಿದಂತೆ ಕಾಣುವ ಬೂದಿಯಡಿ ಮರುದಿನ ಬೆಳಿಗ್ಗೆಯೂ ಕೆಂಡವಿರಬಹುದು, ನೀರು ಸುರಿದು ಕದಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿಕಾರಕ) ಸೇರಿದ ಸಿಹಿಗಳು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಉಳಿದ ಊಟವನ್ನೂ ನಾಯಿಯ ಬಟ್ಟಲನ್ನೂ ರಾತ್ರಿ ಹೊರಗೆ ಬಿಡಬೇಡಿ.

ಕೆರೆಗೆ, ಹೊಳೆಗೆ ಇಳಿಯಲು ಬಿಡಬಹುದೇ?

ನೀರಿನ ಮೇಲೆ ಹಸಿರು ಬಣ್ಣ ಬಳಿದಂತಹ ಕೆನೆ ಕಂಡರೆ ಮುಟ್ಟಲೂ ಬಿಡಬೇಡಿ. ನೀಲಿಹಸಿರು ಪಾಚಿಯ ವಿಷ ನಾಯಿಯನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ನಿಂತ ನೀರಿನಲ್ಲಿ ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಸೋಂಕುರೋಗ ತಗಲಬಹುದು. ಕುಡಿಯುವ ನೀರು ನೀವೇ ಒಯ್ಯಿರಿ.

ಕಾಡಿನಲ್ಲಿ ಮಲವನ್ನು ಎತ್ತಬೇಕೇ?

ಎತ್ತಬೇಕು, ಚೀಲದಲ್ಲಿ ಹಾಕಿ ಹಿಂದಕ್ಕೆ ತರಬೇಕು. ಚೀಲವನ್ನು ಕೊಂಬೆಗೆ ಸಿಕ್ಕಿಸಿ ಹೋಗುವುದು ಹಾಗೇ ಬಿಟ್ಟು ಹೋಗುವುದಕ್ಕಿಂತ ಕೆಟ್ಟದ್ದು.

ಬಾಯಿಕುಕ್ಕೆ ಹಾಕಿದರೆ ನಾಯಿ ಕೆಟ್ಟದ್ದೆಂದು ಜನ ತಿಳಿಯುವುದಿಲ್ಲವೇ?

ತಿಳಿದರೆ ತಿಳಿಯಲಿ. ಸಿಕ್ಕಿದ್ದೆಲ್ಲ ತಿನ್ನುವ ನಾಯಿಗೂ, ಅಪರಿಚಿತರಿಗೆ ಬೆದರುವ ನಾಯಿಗೂ ಅದು ರಕ್ಷಣೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವ ಬುಟ್ಟಿಯಾಕಾರದ್ದೇ ಬೇಕು. ಮೂತಿಯನ್ನು ಬಿಗಿದು ಮುಚ್ಚುವ ಬಟ್ಟೆಯದು ಸೆಕೆಯಲ್ಲಿ ಪ್ರಾಣಕ್ಕೇ ಕುತ್ತು.

ಯಾವ ನಾಯಿಯನ್ನು ಕರೆದೊಯ್ಯಬಾರದು?

ಲಸಿಕೆಗಳು ಮುಗಿಯದ ಮರಿ, ಬೆದೆಗೆ ಬಂದ ಹೆಣ್ಣು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ನಾಯಿ, ಹೊಸದಾಗಿ ಮನೆಗೆ ಬಂದು ಇನ್ನೂ ನಿಮ್ಮನ್ನು ನಂಬದ ನಾಯಿ. ಕೊನೆಯದನ್ನು ವಿಶೇಷವಾಗಿ ನೆನಪಿಡಿ. ಅದು ತಪ್ಪಿಸಿಕೊಂಡರೆ ಮರಳಿ ಬರಲು ಅದಕ್ಕೆ ಕಾರಣವೇ ಇರುವುದಿಲ್ಲ.

ನಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ?

ಮೊದಲು ನಾಯಿಯನ್ನು ಭದ್ರವಾಗಿ ಕಟ್ಟಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ಗಾಯಗೊಂಡವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಯ ರೇಬಿಸ್ ಲಸಿಕೆಯ ದಾಖಲೆ ಜೊತೆಗಿರಲಿ, ನಿಮ್ಮ ಹೆಸರು ಮತ್ತು ಸಂಖ್ಯೆಯನ್ನು ಅವರು ಕೇಳುವ ಮೊದಲೇ ಕೊಡಿ. ಯಾರು ಕೆಣಕಿದರು ಎಂಬ ವಾದ ಆಗ ಬೇಡ.

ತಪ್ಪಿಸಿಕೊಂಡೇ ಬಿಟ್ಟರೆ?

ಕಣ್ಣೆದುರಿಗಿದ್ದರೆ ಅಟ್ಟಬೇಡಿ, ಅಟ್ಟಿದಷ್ಟೂ ದೂರ ಓಡುತ್ತದೆ. ನೆಲದ ಮೇಲೆ ಕುಳಿತು, ಮುಖ ಬೇರೆ ಕಡೆ ತಿರುಗಿಸಿ, ತಿನಿಸಿನ ಪೊಟ್ಟಣ ಸದ್ದು ಮಾಡುತ್ತಾ ತೆರೆಯಿರಿ. ಇಲ್ಲವೇ ಅದರಿಂದ ದೂರಕ್ಕೆ ನೀವೇ ಓಡಿ, ಅನೇಕ ನಾಯಿಗಳು ಹಿಂಬಾಲಿಸುತ್ತವೆ.

ಕಣ್ಮರೆಯಾಗಿದ್ದರೆ ಒಬ್ಬರು ಕೊನೆಗೆ ಕಂಡ ಜಾಗದಲ್ಲೇ ಇರಿ. ನೀವು ಮೈಮೇಲೆ ಹಾಕಿಕೊಂಡಿದ್ದ ಬಟ್ಟೆ ಮತ್ತು ನಾಯಿಯ ಹೊದಿಕೆಯನ್ನು ಅಲ್ಲಿ ಹರಡಿ. ಶಿಬಿರದ ಮೇಲ್ವಿಚಾರಕರು, ಅರಣ್ಯ ಸಿಬ್ಬಂದಿ, ಹತ್ತಿರದ ಪಶುವೈದ್ಯರಿಗೆ ತಿಳಿಸಿ, ಇತ್ತೀಚಿನ ಫೋಟೊ ಮೊಬೈಲಿನಲ್ಲಿ ಸಿದ್ಧವಿರಲಿ. ಕಂಡವರು ಹಿಡಿಯಲು ಹೋಗದೆ ಎಲ್ಲಿ, ಯಾವಾಗ, ಯಾವ ದಿಕ್ಕಿಗೆ ಎಂದಷ್ಟೇ ತಿಳಿಸಲಿ. ಹೆದರಿದ ನಾಯಿ ಹಗಲು ಅಡಗಿದ್ದು ಸದ್ದಡಗಿದ ಮೇಲೆ ಬರುವುದುಂಟು, ಡೇರೆ ಎತ್ತಿಕೊಂಡು ಹೊರಟುಬಿಡಬೇಡಿ.

ಸಿಕ್ಕಿದಾಗ ಎಷ್ಟೇ ಕೋಪ ಬಂದಿದ್ದರೂ ಬೈಯಬೇಡಿ. ಲೀಶ್ ಹಾಕಿ, ನೀರು ಕೊಟ್ಟು, ಅಂಗಾಲುಗಳಲ್ಲಿ ಮುಳ್ಳು, ಕಿವಿಯ ಹಿಂದೆ ಮತ್ತು ಕಾಲ್ಬೆರಳುಗಳ ನಡುವೆ ಉಣ್ಣಿ ಇವೆಯೇ ಎಂದು ಬೆರಳಾಡಿಸಿ ನೋಡಿ. ಉಣ್ಣಿಯನ್ನು ಸಣ್ಣ ಚಿಮುಟದಿಂದ ಚರ್ಮಕ್ಕೆ ಅಂಟಿದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಬೇಕು. ಸುಡುವುದು, ಎಣ್ಣೆ ಹಚ್ಚುವುದು ಬೇಡ.